ನೀಲಿ ಹಸು

ನಮ್ಮ ಬೀದಿಯ ಅಂಗಡಿಗಳ ಹಣೆಬರಹವೆಲ್ಲ ಬೋರ್ಡಣ್ಣನ ಕೈಬರಹ. ತಗಡಿನ ಮೇಲೆ ಅಕ್ಷರ ಬರೆಯುವುದರಲ್ಲಿ ಅವನು ಎತ್ತಿದ ಕೈ; ಏಣಿ ಹತ್ತಿದವನು ಕೈ ಎತ್ತದೆ ಇನ್ನೇನು ಮಾಡಿಯಾನು! ತಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಒಬ್ಬಳೇ ಮಗಳ ಓದಿಗೆ ಮಾತ್ರ ಯಾವ ಕೊರತೆಯೂ ಆಗಬಾರದೆಂದು ಹಟ ತೊಟ್ಟಿದ್ದ.

ಮಗಳಿಗೆ ಚಿತ್ರ ಬರೆಯುವ ಹುಚ್ಚು. ಎರಡನೇ ಕ್ಲಾಸಿನಲ್ಲಿ ಸಾಕುಪ್ರಾಣಿಗಳ ಚಾರ್ಟ್ ತರಲು ಹೇಳಿದಾಗ ನೆಲದ ಮೇಲೆ ಬೋರಲು ಬಿದ್ದು, ನಾಲಿಗೆ ಕಚ್ಚಿಕೊಂಡು, ನೀಲಿ ಹಸುವೊಂದನ್ನು ಬರೆದಳು.

"ಹಸು ನೀಲಿ ಇರುತ್ತೇನಮ್ಮಾ?"

"ಇದು ಇರುತ್ತೆ. ಆಕಾಶ ಮೇಯ್ಕೊಂಡು ಬಂದಿದೆ."

ಬೋರ್ಡಣ್ಣ ನಕ್ಕ. ಅವಳು ಊಟಕ್ಕೆ ಎದ್ದಾಗ ನೀಲಿ ಹಸುವಿನ ಮೇಲೆ ಬಿಳಿ ಬಳಿದು, ಅಲ್ಲೊಂದು ಕಂದು ಹಸುವನ್ನು ನಿಲ್ಲಿಸಿದ. ಈಗಲೋ ಆಗಲೋ ಅಂಬಾ ಎನ್ನುವಂತಿತ್ತು. ಮಗಳು ಅತ್ತಳು. ಟೀಚರ್ ಚಾರ್ಟನ್ನು ಗೋಡೆಗೆ ಹಚ್ಚಿ ಚಪ್ಪಾಳೆ ತಟ್ಟಿಸಿದಾಗ ಅತ್ತದ್ದು ಮರೆತಳು. ಅಲ್ಲಿಂದಾಚೆಗೆ ಹೃದಯ, ಜ್ವಾಲಾಮುಖಿ, ಸೌರಮಂಡಲ ಎಲ್ಲವೂ ಅಪ್ಪನ ಪಾಲು. ಅವಳು ಬಣ್ಣದ ಡಬ್ಬಿ ಹಿಡಿದು ನಿಲ್ಲುತ್ತಿದ್ದಳು.

"ಶಾಲೆಗೆ ಹೋಗ್ತಿರೋದು ಅವಳೋ, ನೀವೋ?" ಎಂದು ಹೆಂಡತಿ ಚುಚ್ಚುತ್ತಿದ್ದಳು.

"ಅರ್ಧಕ್ಕೆ ಬಿಟ್ಟಿದ್ನಲ್ಲ, ಈಗ ಮುಗಿಸ್ತಿದೀನಿ ಕಣೇ."

ಹತ್ತನೇ ಕ್ಲಾಸಿನಲ್ಲಿ ಊರಿನ ಚಿತ್ರಸ್ಪರ್ಧೆಗೆ ಶಾಲೆ ಅವಳನ್ನೇ ಕಳಿಸಿತು. ಅಲ್ಲೇ ಕೂತು ಬರೆಯಬೇಕು, ಹೆತ್ತವರು ಗೇಟಿನಾಚೆ. ಬೋರ್ಡಣ್ಣ ತನ್ನ ಒಳ್ಳೊಳ್ಳೆಯ ಬ್ರಷ್ಷುಗಳನ್ನು ತೊಳೆದು ಕೊಟ್ಟು ಹೊರಗೆ ಕಾದ. ಮಗಳು ತಂದ ಹಾಳೆ ಬೆಳ್ಳಗೇ ಇತ್ತು. ಬ್ರಷ್ಷು ನೀರನ್ನೂ ಕಂಡಿರಲಿಲ್ಲ.

"ಏನಾಯ್ತಮ್ಮಾ?"

"ನಿಮ್ಮನ್ನ ಒಳಗೆ ಬಿಡಲಿಲ್ಲವಲ್ಲಪ್ಪ."

ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಅವಳೀಗ ಔಷಧದಂಗಡಿಯಲ್ಲಿ ಬಿಲ್ ಹಾಕುತ್ತಾಳೆ. ಬೋರ್ಡಣ್ಣನ ಕೈ ನಡುಗುತ್ತದೆ. ಮೊನ್ನೆ ಹಾಲಿನಂಗಡಿಯ ಬೋರ್ಡಿಗೆ ಅಕ್ಷರಗಳನ್ನು ಹೇಗೋ ಮುಗಿಸಿ, ಮಗಳ ಮುಂದೆ ಬ್ರಷ್ ಚಾಚಿದ.

"ಒಂದು ಹಸು ಬರ್ಕೊಡಮ್ಮಾ. ಯಾವ ಬಣ್ಣದ್ದಾದ್ರೂ ಸರಿ."

"ನನಗೆಲ್ಲಿ ಬರುತ್ತಪ್ಪಾ ಹಸು? ನೀವೇ ಬರೀರಿ, ಚೆನ್ನಾಗಿರುತ್ತೆ," ಎಂದು ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೊರಟಳು.

ಸಂಜೆ ಅವಳು ಮರಳಿದಾಗಲೂ ಬೋರ್ಡಿನಲ್ಲಿ ಹಸುವಿನ ಜಾಗ ಖಾಲಿಯಿತ್ತು. ಅವನು ಮುಚ್ಚಳ ತೆಗೆದಿಟ್ಟಿದ್ದ ನೀಲಿ ಬಣ್ಣ ಡಬ್ಬಿಯಲ್ಲೇ ಕೆನೆಗಟ್ಟಿತ್ತು.