ಆಪಾಳ ಡ್ಯಾನ್ಯೂಬ್

ನನ್ನ ಅಕ್ಕನನ್ನು ಮನೆಯಲ್ಲಿ ನಾವು ಆಪಾ ಎನ್ನುತ್ತಿದ್ದೆವು. ರಾಣೆಬೆನ್ನೂರಿನ ಎಷ್ಟೋ ಹೆಣ್ಣುಮಕ್ಕಳಿಗೆ ಆಕೆ ಭೂಗೋಳದ ಅಕ್ಕೋರು. ತುಂಗಭದ್ರೆಯನ್ನು ಬಿಟ್ಟರೆ ಬೇರೆ ದೊಡ್ಡ ನದಿಯನ್ನು ಆಕೆ ಕಂಡವಳಲ್ಲ. ಆದರೆ ಡ್ಯಾನ್ಯೂಬ್ ಪಾಠದ ದಿನ ಬೋರ್ಡಿನ ಈ ತುದಿಯಿಂದ ಆ ತುದಿಗೆ, ಸೀಮೆಸುಣ್ಣ ಎತ್ತದೆ ಒಂದೇ ಗೆರೆಯಲ್ಲಿ ಅದನ್ನು ಹರಿಸುತ್ತಿದ್ದಳಂತೆ. ಜರ್ಮನಿಯ ಕಪ್ಪು ಕಾಡಿನಿಂದ ಕಪ್ಪು ಸಮುದ್ರದವರೆಗೆ ಒಂದೊಂದೇ ದೇಶದ ಹೆಸರು ಹೇಳುತ್ತ ಹೋದರೆ ಹುಡುಗಿಯರೂ ದನಿಗೂಡಿಸುತ್ತಿದ್ದರು.

ಆಪಾ ಮದುವೆಯಾಗಲಿಲ್ಲ. ಅಮ್ಮಿಯ ಜೊತೆಗೇ ಇದ್ದಳು. ನಿವೃತ್ತಿಯಾದ ಮೇಲೆ ಒಂದು ಬೆಳಿಗ್ಗೆ ಚಹಾ ಸೋಸುತ್ತಿದ್ದಾಗ ಕೈಯಲ್ಲಿದ್ದ ಪಾತ್ರೆ ಜಾರಿ ಬಿತ್ತು. ಸದ್ದು ಕೇಳಿ ಅಮ್ಮಿ ಬರುವಷ್ಟರಲ್ಲಿ ಬಾಯಿ ಸೊಟ್ಟಗಾಗಿತ್ತು. ಲಕ್ವಾ. ನಾನು ಬ್ಯಾಡಗಿಯ ಅಂಗಡಿ ಮುಚ್ಚಿ ಹೊರಡುವ ಹೊತ್ತಿಗೆ ನೆರೆಯವರು ಆಕೆಯನ್ನು ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದ್ದರು.

ಮನೆಗೆ ಮರಳಿದಾಗ ಗೋಡೆ ಹಿಡಿದು ನಡೆಯುತ್ತಿದ್ದಳು, ಮಾತು ಮಾತ್ರ ಇರಲಿಲ್ಲ. ಬಹಳ ದಿನಗಳ ಮೇಲೆ ಬಂದ ಮೊದಲ ಮಾತು "ನೀರು". ನಾವು ಮನೆಯಲ್ಲಿ ಉರ್ದು ಆಡುವವರು. ಅಮ್ಮಿ ಖುಷಿಯಿಂದ ಉರ್ದುವಿನಲ್ಲೇ ಏನೇನೋ ಕೇಳಿದಳು. ಆಪಾ ಮಾತ್ರ ಯಾರೋ ಪರದೇಶದವರು ಮಾತಾಡುತ್ತಿದ್ದಾರೆ ಎನ್ನುವಂತೆ ನೋಡಿದಳು.

"ಎರಡು ಭಾಷಾ ಇದ್ದೋರಿಗೆ ಒಮ್ಮೊಮ್ಮೆ ಹಿಂಗಾಗತೈತ್ರಿ. ಒಂದು ಉಳಿತೈತಿ, ಒಂದು ಹೋಗತೈತಿ," ಎಂದರು ಡಾಕ್ಟರು.

ಉಳಿದದ್ದು ಕ್ಲಾಸಿನಲ್ಲಿ ಆಡುತ್ತಿದ್ದ ಕನ್ನಡ. ಅದರಲ್ಲೂ ನಾಲ್ಕಾರು ಶಬ್ದ. ಅಮ್ಮಿಗೆ ಪೇಟೆಗೂ ನೆರೆಯವರಿಗೂ ಸಾಕಾಗುವಷ್ಟು ಕನ್ನಡವಿತ್ತು. ಹೆತ್ತ ಮಗಳೊಡನೆ ಆ ಭಾಷೆಯಲ್ಲಿ ಎಂದೂ ಮಾತಾಡಿದವಳಲ್ಲ. ಈಗ ಅಮ್ಮಿಯೂ ನಾನೂ ಆಪಾಳ ಮುಂದೆ ಕನ್ನಡವನ್ನೇ ಆಡತೊಡಗಿದೆವು.

ಒಂದು ಭಾನುವಾರ ಸುಮ್ಮನೆ ಇರಲಿ ಎಂದು ಲೋಕದ ನಕಾಶೆ ಕೊಂಡು ಹೋಗಿ ಆಕೆಯ ಮುಂದೆ ಹರವಿದೆ. ಎಡಗೈಯ ಬೆರಳು ತಾನಾಗಿ ಯುರೋಪಿನ ಮೇಲೆ ನಿಂತಿತು. "ಪಶ್ಚಿಮ ಜರ್ಮನಿ," ಎಂದಳು. "ಆಸ್ಟ್ರಿಯಾ. ಚೆಕೊಸ್ಲೊವಾಕಿಯಾ. ಹಂಗೇರಿ. ಯುಗೊಸ್ಲಾವಿಯಾ..."

"ಆಪಾ, ಆ ದೇಶಗಳು ಈಗ ಒಡದು ಬ್ಯಾರೆ ಆಗ್ಯಾವಲ್ಲ?" ಎಂದೆ. ಹೊಸ ಹೆಸರುಗಳನ್ನು ಆಕೆಯೇ ಎಷ್ಟೋ ವರ್ಷ ಮಕ್ಕಳಿಗೆ ಕಲಿಸಿದ್ದಳು. ಆದರೆ ಪಾಠ ಓದದೆ ಬಂದವನನ್ನು ನೋಡುವಂತೆ ನನ್ನನ್ನು ನೋಡಿ ಬೆರಳನ್ನು ಮುಂದೆ ಸರಿಸಿದಳು. ಮೊದಲು ಕಲಿತದ್ದೇ ಕೊನೆಯವರೆಗೆ ಉಳಿಯುವುದಾದರೆ ಉರ್ದು ಯಾಕೆ ಉಳಿಯಲಿಲ್ಲವೋ ನಾನರಿಯೆ.

ಅಡುಗೆಮನೆಯ ಬಾಗಿಲಲ್ಲಿ ಅಮ್ಮಿ ನಿಂತಿದ್ದಳು. "ಏನ್ ಹೇಳಾಕತ್ತಾಳ?"

"ಒಂದು ನದಿ ಯಾವ್ ಯಾವ ದೇಶದಾಗ ಹರದು ಹೊಕ್ಕೈತಿ ಅಂತ."

"ನನಗೂ ಕಲಸು."

ಅಕ್ಷರ ಬಾರದ ಅಮ್ಮಿ ಆ ಹೆಸರುಗಳನ್ನು ಕಿವಿಯಿಂದಲೇ ಕಲಿತಳು. ಚೆಕೊಸ್ಲೊವಾಕಿಯಾ ಆಕೆಯ ಬಾಯಲ್ಲಿ "ಚೆಕ್ಕಸಲಾಕಿ" ಆದಾಗ ಆಪಾ ಸೊಟ್ಟ ಬಾಯಲ್ಲೇ ನಕ್ಕಳು. ಲಕ್ವಾ ಹೊಡೆದ ಮೇಲೆ ನಕ್ಕದ್ದು ಅದೇ ಮೊದಲು. ಸರಿಯಾಗಿ ಬಂದ ಮೇಲೂ ಅಮ್ಮಿ ಅದನ್ನು ಬೇಕೆಂದೇ ತಪ್ಪಾಗಿ ಹೇಳುತ್ತಿದ್ದಳು. ದಿನಾ ಇಳಿಹೊತ್ತಿನ ಅಸರ್ ನಮಾಜಿನ ನಂತರ ತಾಯಿ-ಮಗಳು ನಕಾಶೆಯ ಮುಂದೆ ಕೂರುತ್ತಿದ್ದರು. ಅವರ ನಡುವೆ ಉಳಿದಿದ್ದ ಮಾತುಕತೆ ಅದೊಂದೇ.

ಆದರೂ ಒಮ್ಮೆ ಹಿತ್ತಲಲ್ಲಿ ಅಮ್ಮಿ ನನ್ನೊಡನೆ ಉರ್ದುವಿನಲ್ಲಿ ಅತ್ತಳು. ಅಷ್ಟು ದೇಶಗಳ ಹೆಸರು ನೆನಪಿವೆ, ನನ್ನನ್ನು ಅಮ್ಮಿ ಅನ್ನುವುದು ಮರೆತಳಲ್ಲ ಎಂದಳು. ನಾನು ಒಳಗೆ ಕರೆದುಕೊಂಡು ಹೋಗಿ ಆಪಾಳ ಎದುರು ಕೂರಿಸಿ, "ಇವರು ಯಾರು, ಹೇಳು," ಎಂದೆ. ಆಪಾ ಅಮ್ಮಿಯ ಮುಖ ನೋಡಿದಳು.

"ತಾಯಿ," ಎಂದಳು, ಪುಸ್ತಕದಲ್ಲಿರುವಂತೆ ಸ್ಪಷ್ಟವಾಗಿ.

ಅಮ್ಮಿ ತಲೆಯಾಡಿಸಿದಳು. "ಖರೇ ಐತಿ," ಎಂದು ಸೆರಗು ಸರಿಮಾಡಿಕೊಂಡು ಅಡುಗೆಮನೆಗೆ ಹೋದಳು.

ಚಳಿಗಾಲದಲ್ಲಿ ಎರಡನೆಯ ಸಲ ಲಕ್ವಾ ಹೊಡೆಯಿತು. ಆಮೇಲೆ ಹೆಸರುಗಳು ಕಡಿಮೆಯಾಗುತ್ತ ಬಂದವು. ಆಪಾ ಹಂಗೇರಿಯಲ್ಲಿ ನಿಂತರೆ ಮುಂದಿನವನ್ನು ಅಮ್ಮಿ ಹೇಳುತ್ತಿದ್ದಳು. ಆಸ್ಟ್ರಿಯಾದಲ್ಲೇ ನಿಂತರೆ ಅಲ್ಲಿಂದ. ಕೊನೆಗೆ ಪೂರ್ತಿ ಅಮ್ಮಿಯದೇ ಆಯಿತು.

ಆ ಸಂಜೆ ನಾನೂ ಹಾಸಿಗೆಯ ಪಕ್ಕ ಕೂತಿದ್ದೆ. ಅಮ್ಮಿ ಮಗಳ ಕೈ ಹಿಡಿದು ಮೊದಲಿನಿಂದ ಹೇಳುತ್ತ ಹೋದಳು. ಆಪಾ ಕಣ್ಣು ಮುಚ್ಚಿ ಕೇಳುತ್ತಿದ್ದಾಳೆ ಎಂದುಕೊಂಡೆವು. ಯಾವ ದೇಶದ ಹತ್ತಿರ ಉಸಿರು ನಿಂತಿತೋ ಇಬ್ಬರಿಗೂ ತಿಳಿಯಲಿಲ್ಲ. ಅಮ್ಮಿ ಸಮುದ್ರದವರೆಗೂ ಹೇಳಿ ಮುಗಿಸಿದ್ದಳು.

ಮಣ್ಣಾದ ಮರುದಿನ ಮನೆ ತುಂಬ ಆಪಾಳ ಹಳೆಯ ವಿದ್ಯಾರ್ಥಿನಿಯರು. ಹಲಗೇರಿಯಿಂದ ಬಂದವಳೊಬ್ಬಳು ಅಮ್ಮಿಯ ಪಕ್ಕ ಕೂತು, "ಅಕ್ಕೋರು ಕಡೀಕ ಏನರ ಹೇಳಿದ್ರೇನ್ರಿ?" ಎಂದು ಕೇಳಿದಳು.

"ಏನೂ ಇಲ್ಲವ್ವ," ಎಂದಳು ಅಮ್ಮಿ. "ನಾನ ಹೇಳಾಕತ್ತಿದ್ದೆ. ಆಕಿ ಕೇಳಿದ್ಲೋ ಇಲ್ಲೋ, ಅಲ್ಲಾಗ ಗೊತ್ತು."