‘ನೆರೆ’ಗೆ ಸಮಿತಿ ಕೊಟ್ಟ ಅರ್ಥ

ದೆಹಲಿಯ ಮಯೂರ್ ವಿಹಾರದ ನಮ್ಮ ಕನ್ನಡ ಸಂಘದ ಕಥಾಸಂಜೆಗೆ ಒಂದೇ ಪದದ ಥೀಮ್ ಇರಬೇಕೆಂದು ಸಮಿತಿ ತೀರ್ಮಾನಿಸಿತು. ಥೀಮ್ ಇಲ್ಲದಿದ್ದರೆ ಖಿಚಡಿಯಾಗುತ್ತದೆ ಎಂದರು ಅಧ್ಯಕ್ಷರು. ಅವರು ಕೇಂದ್ರ ಸರ್ಕಾರದಲ್ಲಿ ದೊಡ್ಡ ಅಧಿಕಾರಿ. ಕಥೆಯನ್ನೂ ಕಡತದಂತೆ, ಸಹಿ ಹಾಕಬಹುದೇ ಎಂದಷ್ಟೇ ನೋಡುತ್ತಿದ್ದರು. ಬಹಳ ಚರ್ಚಿಸಿ ‘ನೆರೆ’ ಎಂಬ ಪದವನ್ನು ಆರಿಸಿದರು. ಕಥೆ ಹೇಳುವ ನಮಗೆಲ್ಲ ಫೋನಿನಲ್ಲಿ ಆ ಪದವೊಂದೇ ತಲುಪಿತು.

ಅಧ್ಯಕ್ಷರ ಮನೆಯಲ್ಲಿ ರಿಹರ್ಸಲ್. ಗ್ರೇಟರ್ ನೋಯ್ಡಾದಿಂದ ಬರುತ್ತಿದ್ದ ಐಟಿ ತರುಣನೇ ನಮ್ಮ ಕಾರ್ಯದರ್ಶಿ; ಅವನು ತನ್ನ ಪಕ್ಕದ ಫ್ಲ್ಯಾಟಿನ ಪಂಜಾಬಿ ಆಂಟಿ ಪರಾಠಾ ಕೊಟ್ಟ ಕಥೆ ಹೇಳಿದ. ಪರಾಠಾ ತಿಂದದ್ದು ಬಿಟ್ಟರೆ ಅದರಲ್ಲಿ ಬೇರೇನೂ ನಡೆಯಲಿಲ್ಲ. ಎಲ್ಲರೂ ಮೆಚ್ಚಿದರು.

ಆಮೇಲೆ ಗುಮಾಸ್ತರೊಬ್ಬರ ಹೆಂಡತಿ ಎದ್ದರು. ಕರಾವಳಿಯ ಹೊಳೆಬದಿಯ ಊರಿನವರು. ನಮ್ಮ ಸಭೆಗಳಲ್ಲಿ ಅವರು ಬಾಯಿ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ.

“ನಾನು ಸಣ್ಣವಳಿರುವಾಗ ಒಮ್ಮೆ ನೆರೆ ಬಂತು.”

“ಯಾರು ಬಂದ್ರು ಆಂಟಿ?” ಎಂದ ಕಾರ್ಯದರ್ಶಿ.

“ಯಾರೂ ಅಲ್ಲ ಮಾರಾಯಾ, ನೀರು.”

ಕೋಣೆಯೆಲ್ಲ ನಕ್ಕಿತು. ಅವರ ಊರಿನಲ್ಲಿ ನೆರೆ ಎಂದರೆ ಪ್ರವಾಹ. ಸಮಿತಿಯ ಮನಸ್ಸಿನಲ್ಲಿದ್ದದ್ದು ನೆರೆಹೊರೆ.

“ಅಚ್ಛಾ, ಫೈಲು ತಪ್ಪು ಸೆಕ್ಷನ್ನಿಗೆ ಹೋಗಿದೆ,” ಎಂದರು ಅಧ್ಯಕ್ಷರು. “ಥೀಮು ನೈಬರ್ ಅಮ್ಮಾ. ನಿಮ್ಮ ಕಥೆಯಲ್ಲಿ ನೈಬರ್ ಇದಾರಾ?”

“ಇದ್ರು. ದೋಣಿ ಇದ್ದದ್ದು ಅವರಿಗೇ. ಮೊದಲು ಅವರ ಅಕ್ಕಿಮುಡಿ ದಾಟಿಸಿದ್ರು. ತಿರುಗಿ ಬರುವಾಗ ನಮ್ಮ ಮಾಡಿನ ಹಂಚಿನ ಮೇಲೆ ನಾನೊಬ್ಬಳೇ. ತಮ್ಮ ಇರ್ಲಿಲ್ಲ.”

ಅವರ ದನಿ ಏರಲಿಲ್ಲ, ನಡುಗಲಿಲ್ಲ. ಅಧ್ಯಕ್ಷರು ಹಿಗ್ಗಿದರು.

“ಬಂತಲ್ಲ ಥೀಮು! ದೋಣಿ ಮೊದಲೇ ತಂದ್ರು ಅಂತ ಮಾಡ್ಬಿಡಿ. ಚೀಫ್ ಗೆಸ್ಟ್ ಬರ್ತಾರೆ, ಪಾಸಿಟಿವ್ ಆಗಿರ್ಲಿ.”

“ಮೊದಲೇ ತಂದಿದ್ರೆ ನನ್ನ ತಮ್ಮ ಇರ್ತಿದ್ದ ಅಲ್ವಾ ಸಾರ್?”

“ಇದ್ದ ಹಾಗೇ ಹೇಳ್ಲಿ ಸರ್,” ಎಂದೆ ನಾನು.

“ಮೇಡಂ, ಇದು ಸಂತಾಪ ಸಭೆ ಅಲ್ಲ,” ಎಂದು ಅಧ್ಯಕ್ಷರು ನನ್ನತ್ತ ತಿರುಗಿದರು. “ಚಲೋ, ನೆಕ್ಸ್ಟ್!”

“ಹಾಗಾದ್ರೆ ನಾನು ಹೇಳುದಿಲ್ಲ,” ಎಂದು ಆಕೆ ಚಪ್ಪಲಿ ಮೆಟ್ಟಿ ಹೊರಟರು. ಅವರ ಹಿಂದೆ ನಾನೂ ಇಳಿದೆ. ಗೇಟಿನ ಬಳಿ ಅವರು ನಿಂತು, “ನಮ್ಮ ಇವರಿಗೂ ಇದನ್ನು ಹೇಳಿರ್ಲಿಲ್ಲ,” ಎಂದರು.

ಕಥಾಸಂಜೆಗೆ ಅವರು ಬರಲಿಲ್ಲ. ಅವರ ಸಮಯವನ್ನು ಮುಖ್ಯ ಅತಿಥಿಗೆ ಕೊಟ್ಟರು. ಪರವೂರಿನಲ್ಲಿ ಕನ್ನಡಿಗರು ನಾವು ಒಬ್ಬರ ಕಷ್ಟಕ್ಕೆ ಒಬ್ಬರು ಓಡಿಬರುತ್ತೇವೆ ಎಂದು ಅತಿಥಿಗಳು ಹೇಳಿದಾಗ, ಸಮಿತಿಯವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು.