ಮೂರನೆಯ ಪಂಕ್ತಿಯ ಹೋಳು

ತೆಂಗಿನಕಾಯಿ ವ್ಯಾಪಾರಿಯ ಕಣ್ಣಿಗೆ ವಾರಿಜಕ್ಕ ಒಳ್ಳೆಯ ಮಾಲಲ್ಲ. ಗಾತ್ರ ಸಣ್ಣದು, ಮೈಯೆಲ್ಲ ನಾರು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೂ ಸದ್ದಿಲ್ಲ. ಜೋಗೇಶ್ವರಿಯಲ್ಲಿ ಆಕೆಯ ಖಾನಾವಳಿಯ ಪಕ್ಕದಲ್ಲೇ ಕಾಯಿ ಮಾರುತ್ತಿದ್ದ ರಮಾನಾಥ ಆರು ವರ್ಷ ಆಕೆಯನ್ನು ಹೀಗೆಯೇ ಬದಿಗಿಟ್ಟಿದ್ದ. ಊಟ ಮಾತ್ರ ಅಲ್ಲೇ.

ಸುತ್ತಲ ಕಾರ್ಖಾನೆಗಳವರಿಗೆ ಮಧ್ಯಾಹ್ನ ಮೂರು ಪಂಕ್ತಿ. ಮೂರನೆಯ ಪಂಕ್ತಿಯವನ ಹುಳಿಯಲ್ಲೂ ಮೊದಲನೆಯವನಷ್ಟೇ ಸೌತೆಕಾಯಿ ಹೋಳು ಇರಬೇಕೆಂಬುದು ವಾರಿಜಕ್ಕನ ಹಟ; ಸೌಟನ್ನು ಬೇರೆಯವರ ಕೈಗೆ ಕೊಡುತ್ತಲೇ ಇರಲಿಲ್ಲ. ಇದನ್ನು ನಂಬದ ರಮಾನಾಥ ದಿನವೂ ಮೊದಲ ಪಂಕ್ತಿಗೇ ನುಗ್ಗುತ್ತಿದ್ದ.

ತೊಂಬತ್ತೊಂದರಲ್ಲಿ ಜಯಸಿಂಹ ಬಂದ. ಮೈಸೂರು ಕಡೆಯ ನಯವಾದ ಮಾತು, ಟೈ, ಬ್ರೀಫ್‌ಕೇಸು. ಸಾವಿರದ ನೂರು ಕಟ್ಟಿ ಸದಸ್ಯರಾಗಬೇಕು, ನಾಲ್ವರನ್ನು ಸೇರಿಸಬೇಕು, ಆ ನಾಲ್ವರು ಇನ್ನು ನಾಲ್ಕು ನಾಲ್ಕು ಜನರನ್ನು ಸೇರಿಸಬೇಕು. ಆಮೇಲೆ ಕೂತಲ್ಲಿಗೇ ಚೆಕ್ಕು! ರಮಾನಾಥನ ಬಳಿ ಹತ್ತು ಸದಸ್ಯತ್ವಕ್ಕಾಗುವಷ್ಟು, ಹನ್ನೊಂದು ಸಾವಿರವಿತ್ತು. ಶನಿವಾರ ಅಂಗಡಿಯ ಮಾಲೀಕನಿಗೆ ಪಗಡಿ, ಅಂದರೆ ಮುಂಗಡವೆಂದು ಕೊಡಬೇಕಾದ ಹಣ; ಕೊಡದಿದ್ದರೆ ಅಂಗಡಿ ಖಾಲಿ ಮಾಡಬೇಕು. ಮಾಲೀಕನ ಕೈಕಾಲು ಹಿಡಿದು ಒಂದು ತಿಂಗಳು ತಳ್ಳಿದರೆ ಹಣ ದುಪ್ಪಟ್ಟಾಗುತ್ತದೆಂದು ಅವನ ಹುಮ್ಮಸ್ಸು. ಪ್ರತಿ ಕಾಯಿಯನ್ನೂ ಬಡಿದು ನೋಡುವವನು ಟೈ ಕಂಡೊಡನೆ ಬಡಿಯುವುದನ್ನೇ ಮರೆತಿದ್ದ.

ಗುರುವಾರ ಜಯಸಿಂಹ ಖಾನಾವಳಿಗೇ ಸಾಕ್ಷಿಯನ್ನು ಕರೆತಂದ: ಪರೇಲಿನ ಪೂವಪ್ಪ, ಹೊಸ ಸ್ಕೂಟರ್ ಸಮೇತ.

“ಇವರನ್ನೇ ಕೇಳಿ ಮೇಡಂ. ನಮ್ಮ ಸ್ಕೀಮಿನಲ್ಲಿ ಬಂದದ್ದು ಈ ಗಾಡಿ.”

ವಾರಿಜಕ್ಕ ಸೌಟು ಒರೆಸುತ್ತಾ ಕೇಳಿದಳು. “ಇವರು ಎಷ್ಟನೇ ಪಂಕ್ತಿ?”

“ಪಂಕ್ತಿ? ಓ, ಮೊಟ್ಟಮೊದಲು ಸೇರಿದೋರು ಇವರೇ.”

“ಮೊದಲ ಪಂಕ್ತಿಗೆ ಹೋಳು ಸಿಕ್ಕೇ ಸಿಗ್ತದೆ ಮಾರಾಯ್ರೆ. ಕೊನೆಯವರನ್ನು ಕರ್ಕೊಂಡು ಬನ್ನಿ.”

“ಕೊನೆ ಅನ್ನೋದೇ ಇಲ್ಲ ಮೇಡಂ. ಬೆಳೀತಾನೇ ಇರುತ್ತೆ.”

“ಕೊನೆಯೇ ಇಲ್ಲದ ಊಟಕ್ಕೆ ಅಕ್ಕಿ ಎಷ್ಟು ಹಾಕೋದು?”

ಪೂವಪ್ಪನಿಗೆ ನಗು ಬಂತು. ಜಯಸಿಂಹ ಅವನನ್ನು ಸ್ಕೂಟರಿನತ್ತ ತಳ್ಳಿಕೊಂಡು ಹೋದ. ರಮಾನಾಥ ಮಾತ್ರ, “ಅಡುಗೆಯವರಿಗೆ ಬಿಸಿನೆಸ್ ಎಂತ ಗೊತ್ತು?” ಎಂದುಕೊಂಡ. ಶುಕ್ರವಾರ ಮೂರು ಗಂಟೆಗೆ ಹಣ ಕೊಡುವುದೆಂದು ಮಾತಾಯಿತು.

ಶುಕ್ರವಾರ ಊಟಕ್ಕೆ ನುಗ್ಗಿದವನನ್ನು ವಾರಿಜಕ್ಕ ಬಾಗಿಲಲ್ಲೇ ತಡೆದಳು. “ಇವತ್ತು ನೀವು ಮೂರನೇ ಪಂಕ್ತಿ.” ಎರಡು ಗಂಟೆಗೆ, ಹಸಿದು ಕಂಗೆಟ್ಟು ಕೂತವನ ಅನ್ನದ ಮೇಲೆ ಬಿದ್ದದ್ದು ಹುಳಿಯ ಬರೀ ನೀರು.

“ಹೋಳೆಲ್ಲಿ ಅಕ್ಕ?”

“ಮೊದಲ ಪಂಕ್ತಿಯವರ ಹೊಟ್ಟೆಯಲ್ಲಿ ಉಂಟು. ಹೋಗಿ ಕೇಳಿ.”

ಸಾಲಿನಲ್ಲಿ ಉಳಿದವರ ಹುಳಿಯಲ್ಲಿ ಹೋಳು ತೇಲುತ್ತಿತ್ತು. ನೀರು ಅವನೊಬ್ಬನಿಗೇ, ಬೇಕೆಂದೇ, ಬೇರೆ ಪಾತ್ರೆಯಿಂದ.

ಮೂರಕ್ಕೆ ಜಯಸಿಂಹ ಅಂಗಡಿಗೆ ಬಂದು ಬ್ರೀಫ್‌ಕೇಸು ತೆರೆದ. ರಮಾನಾಥ ಡಬ್ಬದಿಂದ ಹಣದ ಕಟ್ಟು ತೆಗೆದು ಕೈಯಲ್ಲೇ ಹಿಡಿದು ಕೇಳಿದ. “ಸ್ವಾಮಿ, ಈಗ ನಿಮ್ಮಲ್ಲಿ ಕೊನೆಗೆ ಸೇರಿದವರು ಯಾರು?”

ಜಯಸಿಂಹ ಬಾಯ್ತುಂಬ ನಕ್ಕ. “ನೀವೇ ಸಾರ್!”

ಹಣದ ಕಟ್ಟು ಮತ್ತೆ ಡಬ್ಬಕ್ಕೆ ಹೋಯಿತು. ಮರುದಿನ ಮಾಲೀಕನ ಕೈ ಸೇರಿತು.

ನಾಲ್ಕು ತಿಂಗಳಿಗೆ ಪರೇಲಿನಲ್ಲಿದ್ದ ಜಯಸಿಂಹನ ಆಫೀಸಿಗೆ ಬೀಗ ಬಿತ್ತು. ಸುದ್ದಿ ಬಂದ ದಿನ ವಾರಿಜಕ್ಕ ರಮಾನಾಥನ ಹುಳಿಗೆ ಎರಡು ಹೋಳು ಹೆಚ್ಚು ಹಾಕಿದಳು.

ಆ ರಮಾನಾಥ ನಾನೇ. ಜೋಗೇಶ್ವರಿಯ ಅಂಗಡಿ ನನ್ನ ಕೈತಪ್ಪದೆ ಉಳಿದದ್ದಕ್ಕೆ ನಾನು ವಾರಿಜಕ್ಕನಿಗೆ ಋಣಿ.